ಬಂದೂಕು ಇಳಿಸಿ ಪೆನ್ಸಿಲ್ ಹಿಡಿದ ಸೈನಿಕ

ಯುದ್ಧವನ್ನು ಮನೆಯಲ್ಲಿ ಕುಳಿತು ನೋಡುವ ಅಭ್ಯಾಸ ಟೆಲಿವಿಷನ್‌ನಿಂದ ಬಂತೆಂದು ನಾವು ಭಾವಿಸುತ್ತೇವೆ. 1991ರಲ್ಲಿ ಬಗ್ದಾದಿನ ಆಕಾಶದಲ್ಲಿ ಬೆಂಕಿ ಹಾರಿದ್ದನ್ನು ನಾವು ಹಾಗೆಯೇ ನೋಡಿದೆವು. 2003ರಲ್ಲಿ ಅಮೆರಿಕದ ಸೇನೆಯ ವಾಹನಗಳಲ್ಲೇ ಕುಳಿತು ಇರಾಕ್ ಪ್ರವೇಶಿಸಿದ ಪತ್ರಕರ್ತರು ತೋರಿಸಿದ್ದನ್ನೂ ನೋಡಿದೆವು. ಆದರೆ ಸೈನ್ಯದ ಜೊತೆಗೇ ಉಂಡು, ಮಲಗಿ, ಯುದ್ಧವನ್ನು ಚಿತ್ರವಾಗಿ ಊರಿಗೆ ಕಳಿಸುವ ಕಸುಬು ಕ್ಯಾಮೆರಾಕ್ಕಿಂತ ಮೊದಲೇ ಪತ್ರಿಕೆಗಳಿಗೆ ಬಂದಿತ್ತು. ಅದನ್ನು ಮಾಡಿದವರಲ್ಲಿ ಜೇಮ್ಸ್ ಟೇಲರ್ ಒಬ್ಬ.

ಟೇಲರ್ ಹುಟ್ಟಿದ್ದು 1839ರಲ್ಲಿ, ಅಮೆರಿಕದ ಸಿನ್ಸಿನಾಟಿ ನಗರದಲ್ಲಿ. 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಅಂತರ್ಯುದ್ಧ ಶುರುವಾದಾಗ ಅವನು ಉತ್ತರದ ಸೈನ್ಯ ಸೇರಿದ. ಅವನ ದಳ ಹತ್ತನೇ ನ್ಯೂಯಾರ್ಕ್ ಪದಾತಿ. ಅದಕ್ಕೆ 'ನ್ಯಾಷನಲ್ ಜುವಾವ್ಸ್' ಎಂಬ ಇನ್ನೊಂದು ಹೆಸರಿತ್ತು. ಈ ಹೆಸರಿನ ಬಳಿ ನಾವು ಒಂದು ಕ್ಷಣ ನಿಲ್ಲಬೇಕು. ಜುವಾವ್ ಎಂಬುದು ಅಲ್ಜೀರಿಯಾದ ಜ್ವಾವಾ ಎಂಬ ಬರ್ಬರ್ ಬುಡಕಟ್ಟಿನಿಂದ ಬಂದ ಮಾತು. 1830ರಲ್ಲಿ ಅಲ್ಜೀರ್ಸನ್ನು ಆಕ್ರಮಿಸಿದ ಫ್ರೆಂಚರು ಅದೇ ಜನರಿಂದ ಸೈನಿಕರನ್ನು ಆರಿಸಿಕೊಂಡು ದಳ ಕಟ್ಟಿದರು. ಮುಂದೆ ಆ ದಳದಲ್ಲಿ ಫ್ರೆಂಚರೇ ತುಂಬಿಕೊಂಡರು, ಸಡಿಲ ಇಜಾರು ಮತ್ತು ಗೊಂಡೆಯ ಕೆಂಪು ಟೋಪಿ ಮಾತ್ರ ಉಳಿದವು. ಆ ವೇಷ ಅಟ್ಲಾಂಟಿಕ್ ದಾಟಿ ಅಮೆರಿಕದ ತರುಣರಿಗೆ ಶೋಕಿಯಾಯಿತು. ಸೋತ ಜನರ ಉಡುಗೆ ಗೆದ್ದವರ ಅಲಂಕಾರವಾಗುವುದು ಚರಿತ್ರೆಯಲ್ಲಿ ಅಪರೂಪವೇನಲ್ಲ.

1863ರಲ್ಲಿ ಟೇಲರ್ ಸೈನ್ಯ ಬಿಟ್ಟು 'ಫ್ರಾಂಕ್ ಲೆಸ್ಲೀಸ್ ಇಲಸ್ಟ್ರೇಟೆಡ್ ನ್ಯೂಸ್‌ಪೇಪರ್' ಎಂಬ ವಾರಪತ್ರಿಕೆಯ ಚಿತ್ರಕಾರನಾದ. ಲೆಸ್ಲಿ ಎಂಬುದೂ ಸಾಕಿದ ಹೆಸರೇ. ಅವನ ನಿಜನಾಮ ಹೆನ್ರಿ ಕಾರ್ಟರ್. ಲಂಡನ್ನಿನಲ್ಲಿ 1842ರಲ್ಲಿ ಶುರುವಾದ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್'ನಲ್ಲಿ ಕೆತ್ತನೆಯ ಕೆಲಸ ಮಾಡಿದ್ದ ಈತ ನ್ಯೂಯಾರ್ಕಿಗೆ ಬಂದು 1855ರಲ್ಲಿ ತನ್ನದೇ ಪತ್ರಿಕೆ ಹೊರಡಿಸಿದ್ದ. 1857ರಿಂದ 'ಹಾರ್ಪರ್ಸ್ ವೀಕ್ಲಿ' ಅದಕ್ಕೆ ಪೈಪೋಟಿಯಾಗಿತ್ತು.

ಆಗ ಫೋಟೋಗ್ರಾಫರುಗಳೇನೋ ಇದ್ದರು. ಆದರೆ ಅವರ ಕ್ಯಾಮೆರಾಕ್ಕೆ ಓಡುವ ಕುದುರೆ ಸಿಗುತ್ತಿರಲಿಲ್ಲ. ಅಲುಗಾಡದ ಶವಗಳು ಮಾತ್ರ ಚೆನ್ನಾಗಿ ಮೂಡುತ್ತಿದ್ದವು. ಮೂಡಿದ ಫೋಟೋವನ್ನು ಪತ್ರಿಕೆಯಲ್ಲಿ ನೇರವಾಗಿ ಅಚ್ಚು ಹಾಕುವ ವಿಧಾನವೂ ಬಂದಿರಲಿಲ್ಲ. ಹಾಗಾಗಿ ಪೆನ್ಸಿಲ್ ಹಿಡಿದವನಿಗೇ ಬೆಲೆ. ಅವನು ಗುಂಡುಗಳ ನಡುವೆ ನಾಲ್ಕು ಗೆರೆ ಎಳೆದು, ಇಲ್ಲಿ ಮರಗಳು, ಇಲ್ಲಿ ಹೊಗೆ ಎಂದು ಅಂಚಿನಲ್ಲಿ ಗುರುತು ಬರೆದು, ಕುದುರೆ ಸವಾರನ ಕೈಯಲ್ಲೋ ರೈಲಿನಲ್ಲೋ ನ್ಯೂಯಾರ್ಕಿಗೆ ಕಳಿಸುತ್ತಿದ್ದ. ಅಲ್ಲಿ ಇನ್ನೊಬ್ಬ ಚಿತ್ರಕಾರ ಅದನ್ನು ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಹಲಗೆಯ ಮೇಲೆ ಎಡಬಲ ತಿರುಗಿಸಿ ಬರೆಯುತ್ತಿದ್ದ. ಒಳ್ಳೆಯ ಬಾಕ್ಸ್‌ವುಡ್ ಬರುತ್ತಿದ್ದುದು ತುರ್ಕಿಯ ಕಡೆಯಿಂದ. ಅದು ಸಣ್ಣ ಮರ, ದೊಡ್ಡ ಹಲಗೆ ಸಿಗದು. ಆದ್ದರಿಂದ ಚಿಕ್ಕ ಚಿಕ್ಕ ತುಂಡುಗಳನ್ನು ಬೋಲ್ಟಿನಿಂದ ಜೋಡಿಸಿ, ಚಿತ್ರ ಬರೆದ ಮೇಲೆ ಬಿಚ್ಚಿ, ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು ಹಂಚುತ್ತಿದ್ದರು. ಒಬ್ಬ ಆಕಾಶ ಕೆತ್ತಿದರೆ ಇನ್ನೊಬ್ಬ ಕುದುರೆಯ ಕಾಲು ಕೆತ್ತುತ್ತಿದ್ದ. ರಾತ್ರಿಯಿಡೀ ಕೆಲಸ ನಡೆದು, ಕೊನೆಗೆ ಮತ್ತೆ ಜೋಡಿಸಿ ಮುಖ್ಯ ಕೆತ್ತನೆಗಾರ ಸಂದುಗಳನ್ನು ಸರಿಪಡಿಸುತ್ತಿದ್ದ. ಹೀಗೆ ಓದುಗರ ಕೈಗೆ ಬಂದ ಚಿತ್ರದಲ್ಲಿ ರಣರಂಗಕ್ಕೆ ಹೋದವನ ಕೈ ಎಷ್ಟು, ರಣರಂಗವನ್ನೇ ಕಾಣದವರ ಕೈ ಎಷ್ಟು? ಆ ಚಿತ್ರಗಳನ್ನು ಸಾಕ್ಷ್ಯವೆಂದು ಓದುವವರು ಈ ಪ್ರಶ್ನೆಯನ್ನು ಬಿಡುವಂತಿಲ್ಲ.

ಸರಕಾರದ ಕಣ್ಣೂ ಮೇಲಿರುತ್ತಿತ್ತು. 1862ರಲ್ಲಿ ಯಾರ್ಕ್‌ಟೌನ್ ಮುತ್ತಿಗೆಯ ಚಿತ್ರ ಪ್ರಕಟಿಸಿದ್ದಕ್ಕಾಗಿ 'ಹಾರ್ಪರ್ಸ್' ನಿಲ್ಲಿಸುವಂತೆ ಯುದ್ಧ ಸಚಿವ ಸ್ಟ್ಯಾಂಟನ್ ಆಜ್ಞೆ ಮಾಡಿದ್ದ. ಮಾಲಿಕರು ವಾಷಿಂಗ್ಟನ್ನಿಗೆ ಓಡಿ ಅದನ್ನು ರದ್ದು ಮಾಡಿಸಿಕೊಳ್ಳಬೇಕಾಯಿತು.

1864ರ ಆಗಸ್ಟಿನಲ್ಲಿ ಟೇಲರ್ ಜನರಲ್ ಶೆರಿಡನ್ನನ ಸೈನ್ಯದೊಂದಿಗೆ ವರ್ಜೀನಿಯಾದ ಶೆನಾಂಡೋವಾ ಕಣಿವೆಗೆ ಹೊರಟ. ಅದು ದಕ್ಷಿಣದ ಸೈನ್ಯಕ್ಕೆ ಕಣಜ. ಸೆಪ್ಟೆಂಬರ್ 19ರಂದು ವಿಂಚೆಸ್ಟರ್ ಬಳಿ ಶೆರಿಡನ್ ಗೆದ್ದ. ಆ ಗೆಲುವಿಗೆ ನೆರವಾದವರಲ್ಲಿ ಥಾಮಸ್ ಲಾಸ್ ಎಂಬ ಕರಿಯನೂ ಇದ್ದ. ತರಕಾರಿ ಮಾರಲು ದಕ್ಷಿಣದ ಪಹರೆ ದಾಟಿ ವಿಂಚೆಸ್ಟರಿಗೆ ಹೋಗಲು ಅವನಿಗೆ ಪಾಸ್ ಸಿಕ್ಕಿತ್ತು. ಶೆರಿಡನ್ ಬರೆದ ಚೀಟಿಯನ್ನು ತವರದ ಹಾಳೆಯಲ್ಲಿ ಸುತ್ತಿ ಬಾಯಲ್ಲಿಟ್ಟುಕೊಂಡು ಒಯ್ದು ರೆಬೆಕಾ ರೈಟ್ ಎಂಬ ಶಾಲಾ ಶಿಕ್ಷಕಿಗೆ ತಲುಪಿಸಿ, ಉತ್ತರವನ್ನೂ ತಂದ. ಸಿಕ್ಕಿಬಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಆಮೇಲೆ ನಡೆದದ್ದನ್ನು ಆ ಕಣಿವೆಯ ಜನ ಇಂದಿಗೂ 'ಸುಡುವಿಕೆ' ಎಂದೇ ಕರೆಯುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸೈನ್ಯ ಬೆಳೆದದ್ದನ್ನೆಲ್ಲ ಸುಟ್ಟಿತು. ಗೋಧಿ, ಹುಲ್ಲು ತುಂಬಿದ 2,000ಕ್ಕೂ ಹೆಚ್ಚು ಕೊಟ್ಟಿಗೆ, 70ಕ್ಕೂ ಹೆಚ್ಚು ಹಿಟ್ಟಿನ ಗಿರಣಿ ನಾಶ ಮಾಡಿದೆನೆಂದು ಶೆರಿಡನ್ನನೇ ವರದಿ ಬರೆದ. ಆ ಕಣಿವೆಯಲ್ಲಿ ಮೆನ್ನೊನೈಟ್ ಮತ್ತು ಡಂಕರ್ ಪಂಥದ ಕ್ರೈಸ್ತರು ಅನೇಕರಿದ್ದರು. ಅವರು ಗುಲಾಮಗಿರಿಯನ್ನು ಒಪ್ಪದವರು, ಧರ್ಮದ ಕಾರಣಕ್ಕೆ ಆಯುಧ ಮುಟ್ಟದವರು. ಅವರ ಕೊಟ್ಟಿಗೆಗಳೂ ಉರಿದವು. ನಾಲ್ಕು ನೂರಕ್ಕೂ ಹೆಚ್ಚು ಬಂಡಿಗಳಲ್ಲಿ ನಿರಾಶ್ರಿತರು ಸೈನ್ಯದ ಹಿಂದೆ ಉತ್ತರಕ್ಕೆ ನಡೆದರು. ನ್ಯಾಯವಾದ ಉದ್ದೇಶಕ್ಕೆ ಹೋರಾಡಿದ ಸೈನ್ಯವೇ ಇದನ್ನು ಮಾಡಿತು ಎಂಬುದನ್ನು ನಾವು ಮುಚ್ಚಿಡಬಾರದು. ಅದೇ ಸಮಯಕ್ಕೆ ಅದು ಗುಲಾಮಗಿರಿಯನ್ನು ಮುರಿಯುತ್ತಿತ್ತೆಂಬುದನ್ನೂ ಮರೆಯಬಾರದು. 'ಹಾರ್ಪರ್ಸ್'ನ ಆಲ್ಫ್ರೆಡ್ ವಾಡ್ ಅಕ್ಟೋಬರ್ 7ರಂದು ಸೈನ್ಯ ಹಿಂದಿರುಗುತ್ತಿರುವ ದೃಶ್ಯ ಬರೆದಿದ್ದಾನೆ. ಅದರಲ್ಲಿ ಸವಾರರ ಹಿಂದೆ ಹೊಗೆ ಎದ್ದಿದೆ.

ನಮ್ಮ ಅಭಿಪ್ರಾಯದಲ್ಲಿ ಟೇಲರ್ ಮಾಡಿದ ದೊಡ್ಡ ಕೆಲಸ ಯುದ್ಧ ಮುಗಿದ ಮೇಲಿನದು. ಜನರ ಆಸಕ್ತಿ ತಣ್ಣಗಾದ ಮೇಲೂ ಅವನು ದಕ್ಷಿಣಕ್ಕೆ ಹೋದ. 1866ರಲ್ಲಿ ರಿಚ್ಮಂಡ್‌ನಲ್ಲಿ ಬಿಡುಗಡೆಗೊಂಡ ಕರಿಯ ಹೆಂಗಸರು ಹೊಲಿಗೆ ಕಲಿಯುತ್ತಿದ್ದ ಶಾಲೆಯನ್ನೂ, ಮುದುಕರಿಗೂ ರೋಗಿಗಳಿಗೂ ರೇಷನ್ ಕೊಡುತ್ತಿದ್ದುದನ್ನೂ ಅವನು ಬರೆದದ್ದು 'ಲೆಸ್ಲೀಸ್'ನಲ್ಲಿ ಬಂತು. ಸರತಿಯ ಸಾಲು, ಕೈಯಲ್ಲಿ ಬುಟ್ಟಿ, ಸೂಜಿಗೆ ಬಾಗಿದ ತಲೆ ಇವು ಸೇನಾಪತಿಗಳ ಚಿತ್ರಗಳಷ್ಟು ಮಾರಾಟವಾಗುವ ವಸ್ತುಗಳಲ್ಲ. ಮರುವರ್ಷ ಕನ್ಸಾಸ್‌ನ ಮೆಡಿಸಿನ್ ಲಾಡ್ಜ್‌ನಲ್ಲಿ ಸರಕಾರ ಮೂಲನಿವಾಸಿ ಬುಡಕಟ್ಟುಗಳೊಂದಿಗೆ ಒಪ್ಪಂದ ಮಾಡಿಕೊಂಡಾಗಲೂ ಅವನು ಅಲ್ಲಿದ್ದ. ಆ ಒಪ್ಪಂದವನ್ನು ಸರಕಾರ ಎಷ್ಟು ಪಾಲಿಸಿತೆಂಬುದು ಬೇರೆಯೇ ಲೇಖನದ ವಿಷಯ.

ಮುಪ್ಪಿನಲ್ಲಿ ಟೇಲರ್ ಶೆನಾಂಡೋವಾದ ತನ್ನ ಗೆರೆಗಳನ್ನೂ ಟಿಪ್ಪಣಿಗಳನ್ನೂ ಒಟ್ಟುಗೂಡಿಸಿ, ನೂರಾರು ಚಿತ್ರಗಳ ದಿನಚರಿಯೊಂದನ್ನು ತಯಾರಿಸಿದ. ಈ ಬಾರಿ ನಡುವೆ ಕೆತ್ತನೆಗಾರನಿರಲಿಲ್ಲ, ಸಂಪಾದಕನಿರಲಿಲ್ಲ. 1901ರಲ್ಲಿ ಅವನು ತೀರಿಕೊಂಡ. ದಿನಚರಿ ಪುಸ್ತಕವಾಗಿ ಅಚ್ಚಾದದ್ದು 1989ರಲ್ಲಿ.