ನೇತ್ರಾಭಿಷ್ಯಂದವೂ ಶಿಲೀಂಧ್ರೌಷಧವೂ

ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ರೈಸ್ ಸಾಹೇಬರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನೇರ್ಪಡಿಸಿದ ಸಂಗತಿಯು ಆ ದೊರೆಯ ಎರಡನೆಯ ಶಿಲಾಶಾಸನದಲ್ಲಿದೆಯೇ ಹೊರತು ಈ ಮೂರರಲ್ಲಿಲ್ಲ. ಆದಕಾರಣ ಚಳ್ಳಕೆರೆ, ಮೊಳಕಾಲ್ಮುರುಗಳ ಜನರನ್ನೂ ಬಾಧಿಸುವ ಕಣ್ಣುಬೇನೆಯ ಚಿಕಿತ್ಸಾಚರಿತ್ರೆಯನ್ನು ಈ ಕಲ್ಲುಗಳಿಂದ ತೆಗೆಯಲಾಗದು, ಶಾಸ್ತ್ರಗಳನ್ನೇ ನೋಡಬೇಕು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳು ಎಣಿಸಲ್ಪಟ್ಟಿವೆ. ಸ್ಪರ್ಶ, ಸಹಭೋಜನ, ಏಕಶಯ್ಯೆ, ವಸ್ತ್ರ ಮೊದಲಾದವುಗಳಿಂದ ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವ ವ್ಯಾಧಿಗಳಲ್ಲಿ ನೇತ್ರಾಭಿಷ್ಯಂದವೂ ಒಂದೆಂದು ನಿದಾನಸ್ಥಾನವು ಹೇಳುತ್ತದೆ. ಇದರಿಂದ ಪ್ರಾಚೀನರಿಗೆ ವೈರಾಣುವು ತಿಳಿದಿತ್ತೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಅವರು ಕಂಡುದು ಅಂಟುವಿಕೆಯನ್ನು, ಅಂಟುವ ವಸ್ತುವನ್ನಲ್ಲ.

ಇನ್ನು ಶಬ್ದವಿಚಾರ. ಮೇಘದೂತದಲ್ಲಿ ಮಳೆಗೆ ನೆಲವೊಡೆದು ಬರುವ ಅಣಬೆಯೇ ಶಿಲೀಂಧ್ರ. ಇಂದು ಬೂಷ್ಟೂ ಆ ಹೆಸರಿನಲ್ಲಿ ಅಡಗಿದೆ. ವೈರಸ್ ಎಂಬ ಲ್ಯಾಟಿನ್ ಶಬ್ದವು ನಮ್ಮ ವಿಷಶಬ್ದಕ್ಕೆ ಜ್ಞಾತಿ, ಅರ್ಥವೂ ಅದೇ.

ಬೂಷ್ಟಿನಿಂದ ಪೆನಿಸಿಲಿನ್ ಹುಟ್ಟುವುದನ್ನು ಫ್ಲೆಮಿಂಗನು 1928ರಲ್ಲಿ ಕಂಡನು. 1948ರಲ್ಲಿ ಆರಿಯೋಮೈಸಿನ್ ಪ್ರಕಟವಾಯಿತು. ಅದನ್ನು ಮಣ್ಣಿನ ಜೀವಿಯೊಂದರಿಂದ ಪಡೆದವನು ಡಗ್ಗರ್. ಆ ಸಂಶೋಧನಾಶಾಲೆಯ ನಿರ್ದೇಶಕರು ನೆರೆಯ ಆಂಧ್ರದ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರು. ಈ ಮದ್ದು ಟ್ರಕೋಮ ಎಂಬ ರೆಪ್ಪೆಯ ವ್ಯಾಧಿಯಲ್ಲಿ ಗುಣ ತೋರಿತು. ಆಗ ಆ ವ್ಯಾಧಿಯು ವೈರಾಣುಜನ್ಯವೆಂದೂ, ಮದ್ದನ್ನು ಕೊಟ್ಟ ಜೀವಿಯು ಶಿಲೀಂಧ್ರವೆಂದೂ ಎಣಿಕೆಯಿತ್ತು. ಚೀನಾದ ತಾಂಗ್ ಫೈಫಾನನು ಟ್ರಕೋಮದ ಕಾರಣವನ್ನು ಪ್ರತ್ಯೇಕಿಸಿದ ವಿಷಯವು 1957ರಲ್ಲಿ ಅಚ್ಚಾಯಿತು. ಈಗ ಆ ಎರಡು ಜೀವಿಗಳೂ ಬ್ಯಾಕ್ಟೀರಿಯಗಳೆಂದೇ ಸಿದ್ಧವಾಗಿದೆ. ಎಂದರೆ, ಶಿಲೀಂಧ್ರದ ಮದ್ದು ವೈರಾಣುವಿನ ಕಣ್ಣುಬೇನೆಯನ್ನು ಗೆದ್ದಿತೆಂಬ ವಾಕ್ಯದಲ್ಲಿ ಗೆಲವು ನಿಜ, ಹೆಸರುಗಳೆರಡೂ ಸುಳ್ಳು. ಟ್ರಕೋಮವು ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಸಾರಿತು.

ಇದು ಬರಿಯ ಶಬ್ದಜಿಜ್ಞಾಸೆಯಲ್ಲ. ನಿಜವಾದ ವೈರಾಣುವಿನಿಂದ ಬರುವ ಕೆಂಗಣ್ಣಿಗೆ ಪೆನಿಸಿಲಿನ್ನಾಗಲಿ ಆರಿಯೋಮೈಸಿನ್ನಾಗಲಿ ನಾಟದು. ಅದು ಸಾಮಾನ್ಯವಾಗಿ ಒಂದೆರಡು ಮೂರು ವಾರಗಳಲ್ಲಿ ತಾನೇ ಇಳಿಯುತ್ತದೆ. ಹರ್ಪೀಸ್ ವೈರಾಣುವು ಕಣ್ಣಿನ ಕರಿಗುಡ್ಡೆಯ ಮೇಲಣ ಪಾರದರ್ಶಕ ಪೊರೆಗೆ ತಗಲಿದರೆ ಮಾತ್ರ ದೃಷ್ಟಿಗೇ ಅಪಾಯವುಂಟು. ಅದಕ್ಕೆ ಅಸೈಕ್ಲೊವಿರ್ ಮೊದಲಾದ ಬೇರೆ ಮದ್ದುಗಳಿವೆ. ಹೆಸರನ್ನು ನಂಬಿ ಮದ್ದು ಹಾಕುವವನು ಕಣ್ಣನ್ನೇ ಕಳೆದಾನು. ಒರತೆಯನ್ನು ಬಿಟ್ಟು ವಸ್ತ್ರವನ್ನೂ ಶಯ್ಯೆಯನ್ನೂ ಬೇರೆಯಾಗಿಡಬೇಕೆಂಬ ಎಚ್ಚರವಾದರೋ ಸುಶ್ರುತನ ಮಾತಿನಿಂದಲೇ ಲಭಿಸುವುದು; ಅದು ಇಂದಿಗೂ ಪ್ರಮಾಣ.