ಪಕ್ಷ ಬದಲಿಸಿದವರಿಗೆ ಓಟು ಹಾಕಬಹುದಾ? ಪುಣೆಯ ಹಳೇ ಲೆಡ್ಜರ್‌ನಿಂದ ಒಂದಿಷ್ಟು

"ಅಂಕಲ್, ಈ ಸಲ ನಾನು ಓಟು ಹಾಕೋದಿಲ್ಲ."

2026ರ ಜನವರಿ 15ರಂದು ಪುಣೆ ಮಹಾನಗರಪಾಲಿಕೆಗೆ ಚುನಾವಣೆ ಇತ್ತಲ್ಲ, ಅದರ ಹಿಂದಿನ ವಾರ ನಮ್ಮ ಮೇಲಿನ ಮಹಡಿಯ ಹುಡುಗ ಹೇಳಿದ ಮಾತು ಇದು. ಧಾರವಾಡದ ಕಡೆಯವನು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಓದಿಕೊಂಡವನು, ಜಾತಿ ಗೀತಿ ಅಂದರೆ ಸಿಡಿಮಿಡಿ ಮಾಡುವವನು. ಅವನಿಗೆ ಸಿಟ್ಟು ಬಂದಿದ್ದು ಯಾಕೆಂದರೆ, ನಮ್ಮ ಪ್ರಭಾಗದಲ್ಲಿ 'ಮುಂದಿನ ಮಹಾಪೌರರು ಇವರೇ' ಎಂದು ಬ್ಯಾನರ್ ಹಾಕಿಸಿಕೊಂಡಿದ್ದವರು ತಮ್ಮ ಮೂರನೇ ಪಕ್ಷದಲ್ಲಿದ್ದರು. ಹೆಸರು ಬೇಡ ಬಿಡಿ, ಅಂಥವರು ಊರ ತುಂಬ ಇದ್ದಾರೆ.

ಆ ಹುಡುಗನಿಗೆ ಉತ್ತರ ಕೊಡಬೇಕೆಂದು ಪುಣೆಯ ಹಳೇ ರಾಜಕಾರಣವನ್ನು ಸ್ವಲ್ಪ ಕೆದಕಿದೆ. ಅದೇ ಈ ಬರಹ. ನಾನು ಕಾಮರ್ಸ್ ಓದಿದವನು, ಇತಿಹಾಸದ ಪಂಡಿತನಲ್ಲ. ಲೆಡ್ಜರ್ ತಿರುವಿ ಹಾಕಿ ಗೊತ್ತು, ಅಷ್ಟೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಪುಣೆಯಲ್ಲಿ ಮೇಯರ್‌ಗೆ ಅಂತ ನಾವು ಓಟೇ ಹಾಕುವುದಿಲ್ಲ. ನಾವು ಆರಿಸುವುದು ನಗರಸೇವಕರನ್ನು. ಅವರು ಸೇರಿ ಮೇಯರನ್ನು ಆರಿಸುತ್ತಾರೆ, ಅದೂ ಎರಡೂವರೆ ವರ್ಷಕ್ಕೆ. ಆ ಕುರ್ಚಿ ಯಾವ ವರ್ಗಕ್ಕೆ ಮೀಸಲು ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ, ಈ ಸಲವಂತೂ ಚೀಟಿ ಎತ್ತಿದ್ದೇ ಫಲಿತಾಂಶ ಬಂದ ಮೇಲೆ! ಇನ್ನು ಆಡಳಿತದ ಬೀಗದ ಕೈ ಇರುವುದು ಕಮಿಷನರ್ ಹತ್ತಿರ, ಹಣದ ಮಾತು ನಡೆಯುವುದು ಸ್ಥಾಯಿ ಸಮಿತಿಯಲ್ಲಿ. ಮೇಯರ್ ಎಂದರೆ ಸಭೆಯ ಅಧ್ಯಕ್ಷ, ನಗರದ ಮೊದಲ ಪ್ರಜೆ. ಹಾಗಾಗಿ 'ಭಾವಿ ಮೇಯರ್' ಎನ್ನುವ ಬ್ಯಾನರ್ ಅರ್ಧ ಗಾಳಿಮಾತು. ನಮ್ಮ ಕೈಯಲ್ಲಿರುವುದು ಆ ಮನುಷ್ಯ ನಗರಸೇವಕನಾಗಲು ಯೋಗ್ಯನೇ ಎಂಬ ಪ್ರಶ್ನೆ ಮಾತ್ರ.

ಹುಡುಗನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. 2023ರ ಕಸಬಾ ಪೇಠ್ ಉಪಚುನಾವಣೆ. ಪುಣೆಯ ಮಾಜಿ ಮೇಯರ್ ಮುಕ್ತಾ ಟಿಳಕ್ ಶಾಸಕಿಯಾಗಿದ್ದಾಗಲೇ ತೀರಿಕೊಂಡಿದ್ದರಿಂದ ಅದು ನಡೆಯಿತು. ಗಿರೀಶ್ ಬಾಪಟ್ ಅವರು 1995ರಿಂದ ಸತತ ಐದು ಸಲ ಗೆದ್ದಿದ್ದ, ಬಿಜೆಪಿಯ ಕೋಟೆ ಅನ್ನಿಸಿಕೊಂಡ ಕ್ಷೇತ್ರ ಅದು. ಕಾಂಗ್ರೆಸ್‌ನಿಂದ ನಿಂತವರು ರವೀಂದ್ರ ಧಂಗೇಕರ್. ಮೊದಲು ಶಿವಸೇನೆ, ಆಮೇಲೆ ರಾಜ್ ಠಾಕ್ರೆಯವರ ಮನಸೇ, ಆಮೇಲೆ ಕಾಂಗ್ರೆಸ್. ಈ ಪಟ್ಟಿ ಗೊತ್ತಿದ್ದೂ ಪುಣೆಯ ಪ್ರಗತಿಪರರು ಅವರ ಬೆನ್ನಿಗೆ ನಿಂತರು. ನಮ್ಮ ಹುಡುಗನೂ ಸಂಜೆ ಕೆಲಸ ಮುಗಿಸಿಕೊಂಡು ಬಂದು ಪೇಠೆಗಳಲ್ಲಿ ಮನೆಮನೆ ತಿರುಗಿದ್ದ. ಧಂಗೇಕರ್ ಸುಮಾರು 11 ಸಾವಿರ ಮತಗಳಿಂದ ಗೆದ್ದರು. ಮಾರ್ಚ್ 2ರಂದು ಫಲಿತಾಂಶ ಬಂದಾಗ ಹುಡುಗ ನಮಗೆಲ್ಲ ಪೇಢಾ ಕೊಟ್ಟಿದ್ದ.

ಮುಂದೆ 2024ರ ಲೋಕಸಭೆಯಲ್ಲಿ ಅವರು ಇನ್ನೊಬ್ಬ ಮಾಜಿ ಮೇಯರ್ ಮುರಳೀಧರ ಮೋಹೋಳ್ ಎದುರು ಸೋತರು. ಅದೇ ವರ್ಷದ ವಿಧಾನಸಭೆಯಲ್ಲಿ ಕಸಬಾ ಕೂಡ ಹೋಯಿತು. 2025ರ ಮಾರ್ಚ್‌ನಲ್ಲಿ ಏಕನಾಥ ಶಿಂಧೆಯವರ ಶಿವಸೇನೆ ಸೇರಿದರು. ಪೇಢಾ ಹಂಚಿದ ಹುಡುಗನ ಮುಖ ನೋಡಬೇಕಿತ್ತು.

ಈಗ ನನ್ನ ಕಸುಬಿನ ಮಾತು. ಬ್ಯಾಂಕಿನಲ್ಲಿ 'ಟೇಕ್ ಓವರ್' ಅಂತ ಒಂದಿದೆ. ಒಬ್ಬ ಗಿರಾಕಿ ಬೇರೆ ಬ್ಯಾಂಕಿನ ಸಾಲದ ಖಾತೆಯನ್ನು ನಮ್ಮ ಬ್ಯಾಂಕಿಗೆ ತರುತ್ತೇನೆ ಅನ್ನುತ್ತಾನೆ. ಬ್ಯಾಂಕು ಬದಲಿಸಿದ ಅನ್ನುವುದಕ್ಕೇ ಅವನನ್ನು ಕಳ್ಳ ಅನ್ನುವುದಿಲ್ಲ. ಆದರೆ ಮೂರು ವಿಷಯ ನೋಡುತ್ತೇವೆ. ಒಂದು, ಅಲ್ಲಿಂದ ಯಾಕೆ, ಯಾವಾಗ ಹೊರಟ? ಎರಡು, ಅಲ್ಲಿಯ ಸ್ಟೇಟ್‌ಮೆಂಟ್ ಏನು ಹೇಳುತ್ತದೆ, ಕಂತು ಕಟ್ಟಿದ್ದಾನೋ ಇಲ್ಲವೋ? ಮೂರು, ಅಲ್ಲಿ ಸಹಿ ಹಾಕಿಕೊಟ್ಟ ಹಳೇ ಮಾತನ್ನು ಈಗಲೂ ಒಪ್ಪುತ್ತಾನೋ? ಈ ಮೂರೂ ಸರಿ ಇದ್ದರೆ ಸಾಲ ಕೊಡುತ್ತೇವೆ. ಕೊಟ್ಟ ಮೇಲೂ ಸುಮ್ಮನೆ ಕೂರುವುದಿಲ್ಲ, ವರ್ಷಕ್ಕೊಮ್ಮೆ ರಿವ್ಯೂ ಮಾಡುತ್ತೇವೆ.

ಈ ಮೂರು ಪ್ರಶ್ನೆ ಹಿಡಿದುಕೊಂಡು ಹಿಂದಕ್ಕೆ ಹೋಗೋಣ ಬನ್ನಿ.

ಊರಿಗೆ ಹೋಗಲು ಸ್ವಾರಗೇಟ್‌ನಲ್ಲಿ ಬಸ್ಸಿಗೆ ಕಾದವರು ನೀವಾದರೆ, ಕೇಶವರಾವ್ ಜೇಧೆ ಅನ್ನುವ ಹೆಸರು ನೋಡೇ ಇರುತ್ತೀರಿ. ಅಲ್ಲಿಯ ಚೌಕಕ್ಕೂ ಮೇಲ್ಸೇತುವೆಗೂ ಅವರದೇ ಹೆಸರು. 1896ರಲ್ಲಿ ಹುಟ್ಟಿದವರು. 1920ರ ದಶಕದಲ್ಲಿ ಬ್ರಾಹ್ಮಣೇತರ ಚಳವಳಿಯ ಮುಂದಾಳು. 1925ರಲ್ಲಿ ಪುಣೆ ನಗರಸಭೆಯ ಸದಸ್ಯರಾಗಿ ಮಹಾತ್ಮ ಫುಲೆಯವರ ಪ್ರತಿಮೆ ನಿಲ್ಲಿಸಬೇಕೆಂದು ಠರಾವು ತಂದರು. ಸಭೆ ಒಪ್ಪಲಿಲ್ಲ. ಅದೇ ಕಾಲದಲ್ಲಿ ದಿನಕರರಾವ್ ಜವಳಕರ್ ಬರೆದ 'ದೇಶಾಚೇ ದುಶ್ಮನ್' ಪುಸ್ತಕವನ್ನು ಪ್ರಕಟಿಸಿ ಕೋರ್ಟು ಹತ್ತಿದರು. 1926ರಲ್ಲಿ ಅಪೀಲಿನಲ್ಲಿ ಅವರ ಪರ ವಾದಿಸಿ ಬಿಡಿಸಿದವರು ಡಾ. ಅಂಬೇಡ್ಕರ್.

ಆಮೇಲೆ ಜೇಧೆ ಕಾಂಗ್ರೆಸ್ ಸೇರಿದರು. ಯಾವ ಕಾಂಗ್ರೆಸ್ಸನ್ನು ಮೇಲ್ಜಾತಿಯವರ ಪಕ್ಷ ಎಂದು ಬೈದಿದ್ದರೋ ಅದೇ ಕಾಂಗ್ರೆಸ್! ಸ್ವಾತಂತ್ರ್ಯದ ಹೊತ್ತಿನಲ್ಲಿ, ರೈತರನ್ನು ಮರೆತಿದೆ ಎಂದು ಅದನ್ನು ಬಿಟ್ಟು ಶಂಕರರಾವ್ ಮೋರೆಯವರ ಜೊತೆ ಶೇತಕರಿ ಕಾಮಗಾರ್ ಪಕ್ಷ ಕಟ್ಟಿದರು. 1950ರ ದಶಕದಲ್ಲಿ ಮತ್ತೆ ಕಾಂಗ್ರೆಸ್ಸಿಗೆ ಹೋದರು. 1956ರ ಫೆಬ್ರವರಿ 6ರಂದು ಪುಣೆಯ ಟಿಳಕ್ ಸ್ಮಾರಕ ಮಂದಿರದಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಹುಟ್ಟಿದ ಸಭೆಗೆ ಅಧ್ಯಕ್ಷರೂ ಅವರೇ. 1957ರಲ್ಲಿ ಬಾರಾಮತಿಯಿಂದ ಲೋಕಸಭೆಗೆ ಹೋದರು, 1959ರಲ್ಲಿ ತೀರಿಕೊಂಡರು. ನಮಗೆ ಕನ್ನಡಿಗರಿಗೆ ಆ ಸಮಿತಿ ಎಂದರೆ ಬೆಳಗಾವಿಯ ತಕರಾರು ನೆನಪಾಗಿ ಹೊಟ್ಟೆ ಉರಿಯುವುದು ಸಹಜ. ಅದನ್ನು ಪಕ್ಕಕ್ಕಿಟ್ಟು ಲೆಕ್ಕ ಮಾತ್ರ ನೋಡಿ.

ಎಷ್ಟು ಸಲ ಹಾರಿದರು ಎಂದು ಎಣಿಸಿದರೆ ಜೇಧೆ ಇಂದಿನ ಯಾರಿಗೂ ಕಡಿಮೆ ಇಲ್ಲ. ಆದರೆ ಬಹುಜನರ, ಬೇಸಾಯಗಾರರ ಪ್ರಶ್ನೆಯನ್ನು ಅವರು ಹೋದಲ್ಲೆಲ್ಲ ಹೊತ್ತುಕೊಂಡು ಹೋದರು. ಆಳುವ ಪಕ್ಷವಾಗುತ್ತಿದ್ದ ಕಾಂಗ್ರೆಸ್ಸನ್ನು ಬಿಟ್ಟದ್ದು ಅಧಿಕಾರ ಕೈಗೆ ಬರುವ ಹೊತ್ತಿನಲ್ಲಿ. ಬಂಡೆದ್ದು ಹೊರಗೆ ಹೋಗಿ ನಷ್ಟ ಅನುಭವಿಸಿದ್ದೂ ಇದೆ. ಮರಳಿ ಹೋದದ್ದು ಮಾತ್ರ ಅಷ್ಟು ಚೆಂದದ ಎಂಟ್ರಿ ಅಲ್ಲ, ಒಪ್ಪುತ್ತೇನೆ. ಒಟ್ಟಾರೆ ಖಾತೆ ಸ್ಟ್ಯಾಂಡರ್ಡ್.

ಇದೇ ಊರಿನ ಸಮಾಜವಾದಿಗಳನ್ನು ನೋಡಿ. ನಾ. ಗ. ಗೋರೆ 1967-68ರಲ್ಲಿ ಪುಣೆಯ ಮೇಯರ್. ಭಾಯಿ ವೈದ್ಯ 1974-75ರಲ್ಲಿ ಮೇಯರ್. ಇವರ ಪಕ್ಷಗಳ ಹೆಸರು ಹೇಳಲು ಹೋದರೆ ಉಸಿರು ಕಟ್ಟುತ್ತದೆ: ಸಮಾಜವಾದಿ ಪಕ್ಷ, ಪ್ರಜಾ ಸಮಾಜವಾದಿ, ಸಂಯುಕ್ತ ಸಮಾಜವಾದಿ, ಮತ್ತೆ ಸಮಾಜವಾದಿ, 1977ರಲ್ಲಿ ಜನತಾ... ಒಡೆಯುವುದು, ಕೂಡುವುದು, ಮತ್ತೆ ಒಡೆಯುವುದು. ಭಾಯಿ ವೈದ್ಯ ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು, 1978ರ ಸರ್ಕಾರದಲ್ಲಿ ಗೃಹ ಖಾತೆಯ ರಾಜ್ಯಮಂತ್ರಿಯಾದರು, 2011ರಲ್ಲಿ ಎಂಬತ್ತು ದಾಟಿದ ಮೇಲೂ ಇನ್ನೊಂದು ಸಮಾಜವಾದಿ ಪಕ್ಷ ಕಟ್ಟಲು ಹೊರಟರು. 2018ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರನ್ನು 'ಪಕ್ಷಾಂತರಿ' ಎಂದವರನ್ನು ನಾನು ಕಾಣೆ. ಮನೆ ಅದೇ, ಊರುಗೋಲಿನ ಹಾಗೆ ಹಿಡಿದ ವಿಚಾರ ಅದೇ, ಬೋರ್ಡು ಮಾತ್ರ ಬೇರೆ.

ಇನ್ನು ನಮ್ಮವರ ಕಥೆ. ಪುಣೆ ಕನ್ನಡಿಗರಿಗೆ ಕಲ್ಮಾಡಿ ಎಂಬ ಹೆಸರು ಹೊಸದಲ್ಲ. ಡಾ. ಶಾಮರಾವ್ ಕಲ್ಮಾಡಿಯವರು ಇಲ್ಲಿಯ ಕನ್ನಡ ಸಂಘ ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು, ಗಣೇಶನಗರದ ಶಾಲೆಗೆ ಅವರದೇ ಹೆಸರು. ಅವರ ಮಗ ಸುರೇಶ್ ಕಲ್ಮಾಡಿ ವಾಯುಸೇನೆಯ ಪೈಲಟ್ ಆಗಿದ್ದು ರಾಜಕೀಯಕ್ಕೆ ಬಂದವರು. ಶರದ್ ಪವಾರರ ಕಾಂಗ್ರೆಸ್ (ಎಸ್), ಆಮೇಲೆ ಕಾಂಗ್ರೆಸ್, 1996ರಲ್ಲಿ ಪುಣೆಯ ಸಂಸದ. 1998ರಲ್ಲಿ ಕಾಂಗ್ರೆಸ್ ಬಿಟ್ಟು, ಶಿವಸೇನೆ ಮತ್ತು ಬಿಜೆಪಿ ಬೆಂಬಲದಿಂದ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್‌ನ ವಿಠ್ಠಲ ತುಪೆ ಅವರ ಎದುರು ಸೋತರು. 2004ರಲ್ಲಿ ಕಲ್ಮಾಡಿಯವರೇ ಕಾಂಗ್ರೆಸ್ ಅಭ್ಯರ್ಥಿ, ಗೆದ್ದರು, 2009ರಲ್ಲೂ ಗೆದ್ದರು.

1998ರಲ್ಲಿ ನಮ್ಮ ಕನ್ನಡದ ಗೆಳೆಯರ ನಡುವೆ ನಡೆದ ಜಗಳ ಈಗಲೂ ನೆನಪಿದೆ. 'ಯಾವ ಪಕ್ಷವಾದರೇನು, ನಮ್ಮವರಲ್ಲವೇ' ಎಂದು ಕೆಲವರು. 'ನಿನ್ನೆಯವರೆಗೆ ಬೈದ ಪಕ್ಷದ ಬೆಂಬಲ ಹೇಗೆ ತಗೊಂಡರು' ಎಂದು ಕೆಲವರು. ನಾನು ಮೊದಲನೇ ಗುಂಪಿನಲ್ಲಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಭಾಷೆಯನ್ನೇ ಜಾಮೀನು ಅಂದುಕೊಂಡಿದ್ದೆ. ಬ್ಯಾಂಕಿನಲ್ಲಿ ಹಾಗೆ ಮಾಡಿದ್ದರೆ ಇನ್‌ಸ್ಪೆಕ್ಷನ್ನಿನವರು ಬಿಡುತ್ತಿರಲಿಲ್ಲ! ಪುಣೆ ಮ್ಯಾರಥಾನ್, ಪುಣೆ ಫೆಸ್ಟಿವಲ್ ಅವರು ಕಟ್ಟಿದ್ದು, ಅದು ಸ್ಟೇಟ್‌ಮೆಂಟಿನ ಜಮಾ ಬದಿ. ಆದರೆ ಯಾಕೆ ಹೋದರು, ಯಾಕೆ ಬಂದರು ಎಂಬ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ.

ವ್ಯಕ್ತಿಗಳು ಮಾತ್ರ ಹಾರುತ್ತಾರೆ ಅಂದುಕೊಳ್ಳಬೇಡಿ. 2007ರಲ್ಲಿ ಪಾಲಿಕೆ ಚುನಾವಣೆಯಾದ ಮೇಲೆ, ಕಲ್ಮಾಡಿಯವರ ಕಾಂಗ್ರೆಸ್ಸನ್ನು ದೂರ ಇಡಲು ರಾಷ್ಟ್ರವಾದಿ, ಶಿವಸೇನೆ, ಬಿಜೆಪಿ ಕೂಡಿಕೊಂಡವು. ಅದೇ ಹೆಸರಾಂತ 'ಪುಣೆ ಪ್ಯಾಟರ್ನ್'. ರಾಷ್ಟ್ರವಾದಿಯ ರಾಜಲಕ್ಷ್ಮಿ ಭೋಸಲೆ ಮೇಯರ್ ಆದರು. ಆಗ ಮುಂಬೈಯಲ್ಲಿ ಇದೇ ರಾಷ್ಟ್ರವಾದಿ ಮತ್ತು ಕಾಂಗ್ರೆಸ್ ಸೇರಿ ರಾಜ್ಯ ಆಳುತ್ತಿದ್ದವು! ಬಿಜೆಪಿ ಬೇಡ ಎಂದು ರಾಷ್ಟ್ರವಾದಿಗೆ ಓಟು ಹಾಕಿದ ಪ್ರಗತಿಪರ ಮತದಾರ ಏನು ಮಾಡಬೇಕು? ಅವನ ನಗರಸೇವಕ ಕೂತಲ್ಲಿಂದ ಕದಲಿರಲಿಲ್ಲ, ಪಕ್ಷಕ್ಕೆ ಪಕ್ಷವೇ ಎದ್ದು ಆಚೆ ಕೂತಿತ್ತು.

ಕಾನೂನು ಇಲ್ಲವೇ ಎಂದರೆ ಇದೆ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ಬಂತು, ಬೆನ್ನಿಗೇ ಮಹಾರಾಷ್ಟ್ರವೂ ನಗರಸೇವಕರಿಗಾಗಿ ತನ್ನದೇ ಕಾಯ್ದೆ ಮಾಡಿತು. ಆದರೆ ಅದು ಗೆದ್ದ ಮೇಲೆ ಹಾರುವವರಿಗೆ. ಚುನಾವಣೆಗೆ ಮುಂಚೆ ಟಿಕೆಟ್ಟಿಗಾಗಿ ಹಾರುವವರನ್ನು ಯಾವ ಕಾಯ್ದೆಯೂ ಮುಟ್ಟುವುದಿಲ್ಲ. ಕರ್ನಾಟಕದಲ್ಲಿ 2019ರಲ್ಲಿ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್‌ನಲ್ಲಿ 15 ಸ್ಥಾನಗಳಿಗೆ ಚುನಾವಣೆ ನಡೆದು 12 ಬಿಜೆಪಿಗೆ ಬಂದವು, ಹಾರಿದವರಲ್ಲಿ ಹೆಚ್ಚಿನವರು ಮತ್ತೆ ಗೆದ್ದರು. ಅಂದರೆ ಕೊನೆಯ ಇನ್‌ಸ್ಪೆಕ್ಟರ್ ಮತದಾರನೇ.

ಊರ ಕಡೆಯದೇ ಇನ್ನೊಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಸಿದ್ದರಾಮಯ್ಯ 2005ರಲ್ಲಿ ಜೆಡಿಎಸ್‌ನಿಂದ ಹೊರಬಿದ್ದು 2006ರಲ್ಲಿ ಕಾಂಗ್ರೆಸ್ ಸೇರಿದರು. ಜೀವನವಿಡೀ ಕಾಂಗ್ರೆಸ್ ವಿರುದ್ಧ ಮಾತಾಡಿದವರು. ಅದೇ ವರ್ಷ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಗೆದ್ದದ್ದು ಬರೀ 257 ಮತಗಳಿಂದ. ಕಾಂಗ್ರೆಸ್ ಬೇಡವಾಗಿದ್ದರೂ ಅವರು 'ಅಹಿಂದ' ಎಂದು ಹೊತ್ತ ಪ್ರಶ್ನೆ ಬೇಕಾಗಿದ್ದ ಮತದಾರರು ಅಂದು ಮನೆಯಲ್ಲೇ ಕೂತಿದ್ದರೆ? 2013ರಲ್ಲಿ ಅವರು ಮುಖ್ಯಮಂತ್ರಿಯಾದದ್ದು, ಅನ್ನಭಾಗ್ಯದ ಅಕ್ಕಿ ಬಂದದ್ದು ಆ 257ರ ಆಚೆಯ ಕಥೆ. ಅವರ ಎಲ್ಲ ಕೆಲಸ ಒಪ್ಪಬೇಕೆಂದು ಹೇಳುತ್ತಿಲ್ಲ. ಖಾತೆ ವರ್ಗ ಮಾಡಿದವನು ಕಂತು ಕಟ್ಟುವುದೂ ಉಂಟು ಎನ್ನುತ್ತಿದ್ದೇನೆ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. "ಹಾಗಾದರೆ 2023ರಲ್ಲಿ ನಾನು ಮಾಡಿದ್ದು ತಪ್ಪಾ?" ಅಂದ. ಅಲ್ಲ ಮಾರಾಯ. ಆಗ ನೀನು ಓಟು ಕೊಟ್ಟದ್ದು ಒಂದು ಕೆಲಸಕ್ಕೆ, ಆ ಕೆಲಸ ಆಯಿತು. 2024ರಲ್ಲಿ ಕಲ್ಯಾಣಿನಗರದ ಪೋರ್ಷೆ ಕಾರು ಅಪಘಾತದಲ್ಲಿ ಇಬ್ಬರು ಸತ್ತಾಗ ಬೀದಿಗಿಳಿದು ಪ್ರಶ್ನೆ ಕೇಳಿದವರಲ್ಲಿ ಅದೇ ಶಾಸಕರೂ ಇದ್ದರು, ಅದು ಸುಳ್ಳಾಗುವುದಿಲ್ಲ. ನಿನ್ನ ತಪ್ಪು ಒಂದೇ, ಓಟಿನ ಜೊತೆ ಮನಸ್ಸನ್ನೂ ಕೊಟ್ಟೆ. ಓಟು ಎಂದರೆ ಐದು ವರ್ಷದ ಅವಧಿ ಸಾಲ. ದಾನವೂ ಅಲ್ಲ, ಮದುವೆಯೂ ಅಲ್ಲ. ನಂಬಿ ಕೊಡುವುದಲ್ಲ, ನೋಡಿ ಕೊಡುವುದು.

ಅವನು ಸುಮ್ಮನಿರಲಿಲ್ಲ. ಆ 'ಭಾವಿ ಮೇಯರ್' ಪಾದಯಾತ್ರೆಯಲ್ಲಿ ನಮ್ಮ ಗಲ್ಲಿಗೆ ಬಂದಾಗ ಎದುರು ನಿಂತು ಕೇಳಿದ: "ಹಿಂದಿನ ಪಕ್ಷದಲ್ಲಿದ್ದಾಗ ಮುಳಾ-ಮುಠಾ ನದಿತೀರದ ಯೋಜನೆಯಲ್ಲಿ ಮರ ಕಡಿಯಬಾರದು ಎಂದು ಸಹಿ ಹಾಕಿದ್ದಿರಿ. ಈಗಲೂ ಹಾಕುತ್ತೀರಾ?" ಅವರು ನಕ್ಕು, ಹೆಗಲ ಮೇಲೆ ಕೈ ಇಟ್ಟು, "ಆಮೇಲೆ ಮಾತಾಡೋಣ" ಎಂದು ಮುಂದೆ ಹೋದರು. ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.

2022ರ ಮಾರ್ಚ್‌ನಿಂದ ಸುಮಾರು ನಾಲ್ಕು ವರ್ಷ ಈ ಊರಿಗೆ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯ ಕಾಲ. ಚರಂಡಿ ಕಟ್ಟಿದರೆ ಯಾರಿಗೆ ಹೇಳಬೇಕು ಅನ್ನುವುದೇ ಗೊತ್ತಿರಲಿಲ್ಲ. ಕೆಟ್ಟ ಪ್ರತಿನಿಧಿಗಿಂತ ಪ್ರತಿನಿಧಿಯೇ ಇಲ್ಲದಿರುವುದು ಏನು ಎಂದು ಆಗ ಕಂಡಿದ್ದೇವೆ. ಅದನ್ನು ನೆನಪಿಸಿದ ಮೇಲೆ, 15ರ ಬೆಳಿಗ್ಗೆ ಹುಡುಗ ನನ್ನ ಜೊತೆಗೇ ಬೂತಿಗೆ ಬಂದ. ನಮ್ಮ ಪ್ರಭಾಗದಿಂದ ನಾಲ್ವರನ್ನು ಆರಿಸಬೇಕಿತ್ತು, ಅಂದರೆ ನಾಲ್ಕು ಬಟನ್. ಯಾವುದನ್ನು ಒತ್ತಿದ ಎಂದು ನಾನು ಕೇಳಲಿಲ್ಲ. ಬೆರಳಿನ ಶಾಯಿ ತೋರಿಸಿ, "ರಿವ್ಯೂ ಯಾವಾಗ ಅಂಕಲ್?" ಅಂದ.

ವರ್ಷಕ್ಕೊಮ್ಮೆ ಅಂದೆ. ನಿಮ್ಮ ವಾರ್ಡಿನ ಖಾತೆ ಹೇಗಿದೆ, ನೋಡಿದ್ದೀರಾ?