ಮಾಸ್ತರರು, ಸನ್ಯಾಸಿ, ಕಲಬುರಗಿಯ ಸಂಸದರು

ಹೈದರಾಬಾದಿನ ಬೇಗಂಪೇಟೆಯಲ್ಲಿ ಸ್ವಾಮಿ ರಮಾನಂದ ತೀರ್ಥರ ಸ್ಮಾರಕವಿದೆ. ತೆಲುಗರು ಅವರನ್ನು ಪಿ.ವಿ. ನರಸಿಂಹರಾಯರ ಗುರುಗಳೆಂದು ಗೌರವಿಸುತ್ತಾರೆ. ಮರಾಠವಾಡದವರು ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಕನ್ನಡಿಗರಾದ ನಮ್ಮಲ್ಲಿ ಆ ಹೆಸರು ಕೇಳಿಬರುವುದು ಹೆಚ್ಚಾಗಿ ಸೆಪ್ಟೆಂಬರ್ 17ರ ಭಾಷಣಗಳಲ್ಲಿ. ಗಣರಾಜ್ಯದ ಮೊದಲ ಲೋಕಸಭೆಗೆ ಕಲಬುರಗಿಯ ಮತದಾರರು ಆರಿಸಿ ಕಳುಹಿಸಿದ್ದು ಇವರನ್ನೇ ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ್ ಖೇಡಗಿಕರ್. 1903ರ ಅಕ್ಟೋಬರ್ 3ರಂದು ಅವರು ಹುಟ್ಟಿದ್ದು ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ, ಅಂದರೆ ನಿಜಾಮರ ಸೀಮೆಯ ಆಚೆಗೆ, ಮುಂಬಯಿ ಪ್ರಾಂತದಲ್ಲಿ. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ಕೆಲಸ ಮಾಡಿದ ಅವರು ಆ ಬಳಿಕ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಮಾಸ್ತರರಾಗಿ ಬಂದರು. ಸನ್ಯಾಸ ಸ್ವೀಕರಿಸಿದ ಮೇಲೂ ಪಾಠ ಬಿಡಲಿಲ್ಲ. ಮುಂದೆ ಅಂಬಾಜೋಗಾಯಿಯ ಯೋಗೇಶ್ವರಿ ಶಾಲೆಯನ್ನು ಕಟ್ಟಿ ಬೆಳೆಸಿದರು.

ಆ ಕಾಲದಲ್ಲಿ ಶಾಲೆ ನಡೆಸುವುದೆಂದರೇನೆಂದು ಇಂದು ಊಹಿಸುವುದು ಕಷ್ಟ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಪ್ರಜೆಗಳಲ್ಲಿ ಬಹುಪಾಲಿನ ಮನೆಮಾತು ತೆಲುಗು, ಮರಾಠಿ, ಇಲ್ಲವೇ ಕನ್ನಡ. ಸಭೆ ಸೇರಬೇಕಾದರೆ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಮುಂಚಿತವಾಗಿ ಅನುಮತಿ ಪಡೆಯಬೇಕು. ಹೀಗಿರುವಾಗ ದೇಶದ ಮಾತನ್ನು ಎಳೆಯರ ಕಿವಿಗೆ ಹಾಕಲು ಉಳಿದಿದ್ದ ಜಾಗಗಳಲ್ಲಿ ಶಾಲೆಯ ಕೊಠಡಿಯೂ ಒಂದು. ಸ್ವಾಮಿಗಳ ರಾಜಕೀಯ ಶುರುವಾದದ್ದು ಅಲ್ಲಿಯೇ ಎಂದು ನಾವು ಭಾವಿಸುತ್ತೇವೆ.

1938ರಲ್ಲಿ ಅವರು ಶಾಲೆ ಬಿಟ್ಟು ಹೈದರಾಬಾದಿಗೆ ಬಂದರು. ಅದುವರೆಗೆ ಸಂಸ್ಥಾನದ ಜಾಗೃತಿಯ ಕೆಲಸ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂದು ಭಾಷೆಗೊಂದು ವೇದಿಕೆಯಲ್ಲಿ ನಡೆದಿತ್ತು. ಮೂವರನ್ನೂ ಒಂದುಗೂಡಿಸುವ ಸ್ಟೇಟ್ ಕಾಂಗ್ರೆಸ್ಸು ಕಣ್ಣು ಬಿಡುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಅದು ತೆರವಾದದ್ದು 1946ರಲ್ಲಿ. ಅದೇ ವರ್ಷ ಸೌಮ್ಯವಾದಿಗಳ ವಿರೋಧದ ನಡುವೆ ಸ್ವಾಮಿಗಳು ಅಧ್ಯಕ್ಷರಾದರು. 1947ರ ಆಗಸ್ಟ್ 7ರಂದು ಭಾರತದೊಡನೆ ವಿಲೀನವಾಗಬೇಕೆಂಬ ದಿನಾಚರಣೆಗೆ ಕರೆ ಕೊಟ್ಟರು. ದೇಶವೆಲ್ಲ ಧ್ವಜ ಹಾರಿಸುತ್ತಿದ್ದ 15ರಂದು ಬಂಧನಕ್ಕೆ ಒಳಗಾದರು. ನಡುವೆ ಅಲ್ಪಕಾಲದ ಬಿಡುಗಡೆ, ಮತ್ತೆ ಸೆರೆ. ಪೂರ್ಣ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೇ. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ.

ನಮ್ಮನ್ನು ಹೆಚ್ಚು ಕಾಡುವುದು ಅನಂತರದ ಎಂಟು ವರ್ಷಗಳು. 1952ರಲ್ಲಿ ಮುಖ್ಯಮಂತ್ರಿಯ ಪೀಠ ಏರಿದವರು ವಕೀಲರಾದ ಬೂರ್ಗುಲ ರಾಮಕೃಷ್ಣರಾವ್. ಹೋರಾಟದ ಮುಂದಾಳಾಗಿದ್ದ ಸನ್ಯಾಸಿ ಕಲಬುರಗಿಯ ಪ್ರತಿನಿಧಿಯಾಗಿ ದೆಹಲಿಗೆ ಹೋದರು. ಯಾವ ಸಂಸ್ಥಾನದ ಜನರನ್ನು ಒಂದೇ ಪಕ್ಷದಡಿ ತಂದಿದ್ದರೋ ಅದನ್ನು ಭಾಷಾವಾರು ಒಡೆಯಬೇಕೆಂದು ವಾದಿಸಿದವರೂ ಅವರೇ. ಇದು ವಿರೋಧಾಭಾಸವಲ್ಲ. ಸಂಸ್ಥಾನದ ಗಡಿ ಅರಸರು ಹಾಕಿದ್ದು. ಓದು ಮತ್ತು ಆಡಳಿತ ಜನರ ಮಾತಿನಲ್ಲಿ ನಡೆಯಬೇಕಾದರೆ ಆ ಗೆರೆ ಅಳಿಯಲೇಬೇಕು ಎಂಬುದು ಮಾಸ್ತರರೊಬ್ಬರಿಗೆ ಸಹಜವಾಗಿ ತೋರುವ ತೀರ್ಮಾನ.

1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು; ಬೀದರಿನ ಕನ್ನಡ ಭಾಗವೂ ಸೇರಿತು. ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಪ್ರದೇಶಕ್ಕೆ. 1957ರ ಚುನಾವಣೆಯಲ್ಲಿ ಸ್ವಾಮಿಗಳು ಗೆದ್ದದ್ದು ಔರಂಗಾಬಾದಿನಿಂದ. ಕಲಬುರಗಿಗೂ ಅವರಿಗೂ ಇದ್ದ ಸಂಸದೀಯ ನಂಟು ಒಂದೇ ಅವಧಿಗೆ ಮುಗಿಯಿತು.

ವಿಭಜನೆ ಸರಿಯಾಗಿತ್ತೆಂದೇ ನಮ್ಮ ನಿಲುವು. ಆದರೂ ಅದರ ಬೆಲೆಯ ಒಂದು ಪಾಲು ರಾಜಧಾನಿಯಲ್ಲೇ ಉಳಿದ ಕನ್ನಡಿಗರ ಮೇಲೆ ಬಿತ್ತು. ಮೂರು ಭಾಷೆಗಳವರ ಊರಾಗಿದ್ದುದು ಒಂದು ಭಾಷೆಯ ರಾಜಧಾನಿಯಾಯಿತು. ಸ್ವಂತ ಸೀಮೆಯ ಪ್ರಜೆಗಳು ಕೂತಲ್ಲೇ ಹೊರನಾಡಿಗರಾದರು. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳ ಮಹತ್ವ ತಿಳಿಯಬೇಕಾದರೆ ಈ ಹಿನ್ನೆಲೆ ಬೇಕು. ಗಡಿ ಬರೆಯುವವರ ಲೆಕ್ಕದಲ್ಲಿ ಜಿಲ್ಲೆ, ತಾಲೂಕುಗಳಿರುತ್ತವೆ. ಒಂದು ಊರಿನ ನಾಲ್ಕು ಬೀದಿಗಳಿರುವುದಿಲ್ಲ.

ಸ್ವಾಮಿಗಳು ಮಾತ್ರ ಈ ಊರನ್ನು ಬಿಡಲಿಲ್ಲ. ಹುಟ್ಟಿದ ಊರು ಮೈಸೂರಿಗೆ, ಪಾಠ ಹೇಳಿದ ಊರುಗಳು ಮುಂಬಯಿಗೆ ಸೇರಿದ್ದವು. ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1967ರಲ್ಲಿ ಪ್ರಕಟಿಸಿದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿಯೇ ತೀರಿಕೊಂಡರು.